ಡೆಂಗಿ ಜ್ವರದ ಹೆಸರೂ ಜ್ವರಗಳ ಸಂಕರವೂ

೧

ಹಳೆಯ ವೃತ್ತಾಂತಗಳಲ್ಲಿ ಕಂಡುಬರುವ ರೋಗನಾಮಗಳನ್ನು ಈಗಿನ ರೋಗನಾಮಗಳೊಡನೆ ಸಮೀಕರಿಸುವುದು ಚರಿತ್ರಕಾರನ ಕೆಲಸಗಳಲ್ಲಿ ಬಹು ಕಷ್ಟವಾದದ್ದು. ಗ್ರಂಥಸಂಪಾದಕನಿಗೆ ಪಾಠಾಂತರಗಳಿಂದ ಎಂತಹ ತೊಡಕೋ, ಇವನಿಗೆ ಹೆಸರುಗಳಿಂದ ಅಂತಹದೇ ತೊಡಕು. ಹೆಸರು ಒಂದೇ ಆಗಿದ್ದು ರೋಗವು ಬೇರೆಯಾಗಿರಬಹುದು. ರೋಗ ಒಂದೇ ಆಗಿದ್ದು ಹೆಸರು ಹಲವಾಗಿರಬಹುದು. ಇವೆರಡಕ್ಕಿಂತಲೂ ಜಟಿಲವಾದ ಮೂರನೆಯ ಸಂದರ್ಭವೊಂದುಂಟು: ಒಂದೇ ದೇಹದಲ್ಲಿ ಏಕಕಾಲದಲ್ಲಿ ಎರಡು ರೋಗಗಳು ಸೇರಿದ್ದು, ಅವೆರಡೂ ಒಂದೇ ಹೆಸರಿನ ಮರೆಯಲ್ಲಿ ಅಡಗಿರಬಹುದು. ಸೊಳ್ಳೆಯಿಂದ ಹರಡುವ ಡೆಂಗಿ ಜ್ವರದ ಇತಿಹಾಸದಲ್ಲಿ ಈ ಮೂರಕ್ಕೂ ನಿದರ್ಶನಗಳು ದೊರೆಯುತ್ತವೆ.

ಮಿಶ್ರಜ್ವರವೆಂಬ ಭಾವನೆ ಭಾರತೀಯ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಏಕದೋಷಜ ಮೂರು, ದ್ವಂದ್ವಜ ಮೂರು, ಸನ್ನಿಪಾತಜ ಒಂದು, ಆಗಂತುಕ ಒಂದು, ಹೀಗೆ ಆಯುರ್ವೇದಾಚಾರ್ಯರು ಜ್ವರವನ್ನು ಎಂಟು ಬಗೆಯಾಗಿ ವಿಭಾಗಿಸಿದರು. ಆದರೆ ಅಲ್ಲಿ ಕೂಡುವುವು ವಾತಪಿತ್ತಕಫಗಳೆಂಬ ದೋಷಗಳು; ಪ್ರಕೃತ ವಿಚಾರದಲ್ಲಿ ಕೂಡುವುವು ಹೊರಗಿನಿಂದ ಬಂದ ಬೇರೆಬೇರೆ ರೋಗಾಣುಗಳು. ಆದುದರಿಂದ ಸನ್ನಿಪಾತವನ್ನು ಈ ಹೊಸ ಅರಿವಿಗೆ ಪೂರ್ವಾಧಾರವೆಂದು ಸಾಧಿಸಹೊರಡುವುದು ಯುಕ್ತವಲ್ಲ.

೨

ಮೊದಲು ಹೆಸರುಗಳನ್ನು ನೋಡತಕ್ಕದ್ದು. ೧೭೭೯ರಲ್ಲಿ ಜಾವಾದ್ವೀಪದ ಬಟೇವಿಯಾ ನಗರದಲ್ಲಿ ಒಂದು ಜ್ವರವು ಹಬ್ಬಿತು. ಅಲ್ಲಿನ ನಗರವೈದ್ಯನಾಗಿದ್ದ ಡೇವಿಡ್ ಬೈಲಾನನು ತಾನೂ ಅದಕ್ಕೆ ತುತ್ತಾಗಿ, ಕೀಲುಗಳ ನೋವನ್ನು ಮುಖ್ಯವಾಗಿ ವರ್ಣಿಸಿದನು. ಡಚ್ಚರು ಅದನ್ನು 'ನಾಕೆಲ್‌ಕೋರ್ಟ್ಸ್', ಎಂದರೆ ಗೆಣ್ಣುಜ್ವರ, ಎಂದು ಕರೆದರು. ಮರುವರ್ಷ, ೧೭೮೦ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇನ್ನೊಂದು ಜ್ವರ ಕಾಣಿಸಿಕೊಂಡಿತು. ಬೆಂಜಮಿನ್ ರಷ್ ಎಂಬ ವೈದ್ಯನು ೧೭೮೯ರಲ್ಲಿ ಪ್ರಕಟಿಸಿದ ತನ್ನ ಬರಹದಲ್ಲಿ, ಜನರು ಅದನ್ನು 'ಮೂಳೆಮುರುಕ ಜ್ವರ'ವೆಂದು ಕರೆಯುತ್ತಿದ್ದರೆಂದು ಹೇಳಿರುತ್ತಾನೆ. ಜ್ವರ ಬಿಟ್ಟ ಮೇಲೂ ರೋಗಿಗಳ ಮನಸ್ಸು ಕುಗ್ಗಿಹೋಗುತ್ತಿದ್ದುದರಿಂದ, ಅದಕ್ಕೆ ಎದೆಯೊಡಕ ಜ್ವರವೆಂಬ ಹೆಸರೇ ಉಚಿತವೆಂದು ಒಬ್ಬ ತರುಣಿ ನುಡಿದಳಂತೆ.

೧೮೨೭–೨೮ರಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಹಬ್ಬಿದ ಜ್ವರಕ್ಕೆ 'ಡ್ಯಾಂಡಿ' ಎಂದೂ 'ಡೆಂಗೆ' ಎಂದೂ ಹೆಸರುಗಳು ಬಂದುವು. ನೋವಿನಿಂದ ಸೆಟೆದು ನಡೆಯುವವರ ನಡೆ ಷೋಕಿಗಾರರ ಬಿಂಕದ ನಡೆಯಂತೆ ತೋರುತ್ತಿದ್ದುದೇ ಮೊದಲನೆಯ ಹೆಸರಿಗೆ ಕಾರಣವೆನ್ನುತ್ತಾರೆ. ಎರಡನೆಯದು ಸ್ಪ್ಯಾನಿಷ್ ಭಾಷೆಯಲ್ಲಿ ಒನಪು, ಒಯ್ಯಾರ ಎಂಬ ಅರ್ಥವುಳ್ಳ ಪದ. ಆದರೆ ಈ ವ್ಯುತ್ಪತ್ತಿಯೇ ಮೂಲವೆಂದು ನಂಬಲಾಗದು. ೧೮೭೦ರಲ್ಲಿ ಝಾಂಜಿಬಾರಿನಲ್ಲಿ ವೈದ್ಯನಾಗಿದ್ದ ಜೇಮ್ಸ್ ಕ್ರಿಸ್ಟಿಯು, ಆಗ ಅಲ್ಲಿ ಹಬ್ಬಿದ ಜ್ವರವನ್ನು ಸ್ಥಳೀಯರು 'ಕಿ-ಡಿಂಗ ಪೆಪೊ' ಎಂದು ಕರೆಯುವುದನ್ನು ಕೇಳಿದನು. ಪಿಶಾಚಿಯು ಥಟ್ಟನೆ ಹಿಡಿದು ಸೆಳೆತವುಂಟುಮಾಡುವುದು ಎಂಬುದು ಅದರ ತಾತ್ಪರ್ಯ. ೧೮೨೩ರಲ್ಲಿಯೂ ಇದೇ ಜ್ವರವು ಬಂದಿದ್ದಿತೆಂದು ಮುದುಕರು ನೆನೆಸಿಕೊಂಡರು. ಆಫ್ರಿಕದ ಈ ಪದವು ಗುಲಾಮರ ವ್ಯಾಪಾರದ ಮಾರ್ಗವಾಗಿ ಕಡಲನ್ನು ದಾಟಿ, ಸ್ಪ್ಯಾನಿಷ್ ಕಿವಿಗೆ ಪರಿಚಿತವಾದ ಪದದ ರೂಪವನ್ನು ತಾಳಿತೆಂಬ ಊಹೆಯು ಬಲವಾಗಿದೆ.

೩

ಭಾರತದಲ್ಲಿ ಈ ಬಗೆಯ ಜ್ವರವು ೧೮೨೪–೨೫ರಲ್ಲಿ ಕಲಕತ್ತೆಯಲ್ಲಿ ಹಬ್ಬಿತು. ೧೮೭೧–೭೨ರಲ್ಲಿ ಝಾಂಜಿಬಾರು, ಏಡನ್‌ಗಳ ಕಡೆಯಿಂದ ಬಂದು ಮುಂಬಯಿ, ಕಲಕತ್ತೆ, ಮದರಾಸುಗಳನ್ನು ಮುಟ್ಟಿತು. ಮನೆಮನೆಯಲ್ಲಿಯೂ ಹಾಸಿಗೆ ಹಿಡಿದವರಿದ್ದರು. ಸತ್ತವರು ಬಹು ಕಡಿಮೆ. ಜ್ವರವಿಳಿದ ಮೇಲೂ ಕೀಲುನೋವು ಬಹುಕಾಲ ಉಳಿಯುತ್ತಿತ್ತು. ಸರ್ಕಾರದ ಕಾಗದಪತ್ರಗಳಲ್ಲಿಯೂ ವೈದ್ಯರ ಗ್ರಂಥಗಳಲ್ಲಿಯೂ ಇದು 'ಡೆಂಗಿ' ಎಂಬ ಹೆಸರಿನಿಂದಲೇ ದಾಖಲಾಯಿತು.

ಸೊಳ್ಳೆಗೂ ಈ ಜ್ವರಕ್ಕೂ ಇರುವ ಸಂಬಂಧವು ಆಗ ತಿಳಿದಿರಲಿಲ್ಲ. ೧೮೮೩ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸನು, ತನ್ನ ಬಂಗಲೆಯ ಬಳಿಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಕಂಡು, ನೀರನ್ನು ಚೆಲ್ಲಿಸಿ ಅವುಗಳ ಕಾಟವನ್ನು ತಗ್ಗಿಸಿಕೊಂಡನು. ಅವನೇ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಜಠರದಲ್ಲಿ ಗುರುತಿಸಿದನು. ಡೆಂಗಿಯನ್ನು ಹರಡುವುದು ಈಡಿಸ್ ಜಾತಿಯ ಸೊಳ್ಳೆಯೆಂಬುದಕ್ಕೆ ೧೯೦೬ರಲ್ಲಿ ಆಸ್ಟ್ರೇಲಿಯದ ಬ್ಯಾಂಕ್ರಾಫ್ಟನು ಸಾಕ್ಷ್ಯವನ್ನು ಒದಗಿಸಿದನು. ಅದರ ವೈರಾಣುವನ್ನು ೧೯೪೩ರಲ್ಲಿ ಜಪಾನಿನ ಕಿಮುರಾ ಮತ್ತು ಹೊಟ್ಟಾ ಎಂಬವರೂ, ಅನಂತರ ಅಮೆರಿಕದ ಸೇಬಿನನೂ ಬೇರ್ಪಡಿಸಿದರು.

೧೯೫೨–೫೩ರಲ್ಲಿ ಟ್ಯಾಂಗನೀಕದ ದಕ್ಷಿಣಭಾಗದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಕೀಲುಗಳನ್ನು ಹಿಡಿದು ಮೈಯನ್ನು ಬಗ್ಗಿಸುವ ಜ್ವರವೊಂದು ತಲೆದೋರಿತು. ಮಕೊಂಡೆ ಜನರು ಅದನ್ನು 'ಚಿಕುನ್‌ಗುನ್ಯಾ', ಬಗ್ಗಿಸಿಬಿಡುವುದು, ಎಂದು ಕರೆದರು. ೧೯೫೫ರಲ್ಲಿ ರಾಬಿನ್‌ಸನ್ ಮತ್ತು ಲಮ್ಸ್‌ಡೆನ್ ಎಂಬವರು ಇದನ್ನು ವರ್ಣಿಸುವಾಗ, ಲಕ್ಷಣಗಳಲ್ಲಿ ಇದು ಡೆಂಗಿಯಂತೆಯೇ ಇರುವುದನ್ನು ಗಮನಿಸಿದರು. ಆದರೆ ಇದರ ವೈರಾಣು ಡೆಂಗಿಯದಲ್ಲ. ಅದರ ವಂಶವೇ ಬೇರೆ.

೪

೧೯೬೩ರಲ್ಲಿ ಕಲಕತ್ತೆಯಲ್ಲಿ ಚಿಕುನ್‌ಗುನ್ಯಾವೂ ಡೆಂಗಿಯೂ ಕೂಡಿಯೇ ಹಬ್ಬಿದುವು. ೧೯೬೪ರಲ್ಲಿ ಮದರಾಸು, ವೆಲ್ಲೂರುಗಳ ಸರದಿ ಬಂದಿತು. ಆಗ ವೆಲ್ಲೂರಿನಲ್ಲಿ ಸಂಶೋಧನೆ ನಡೆಸುತ್ತಿದ್ದ ರೂತ್ ಮೈಯರ್ಸ್ ಮತ್ತು ಡೊನಾಲ್ಡ್ ಕೇರಿ ಎಂಬವರು, ಒಬ್ಬನೇ ರೋಗಿಯ ರಕ್ತದಿಂದ ಚಿಕುನ್‌ಗುನ್ಯಾ ವೈರಾಣುವನ್ನೂ ಎರಡನೆಯ ವರ್ಗದ ಡೆಂಗಿ ವೈರಾಣುವನ್ನೂ ಬೇರ್ಪಡಿಸಿ, ೧೯೬೭ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ಬ್ಯಾಂಕಾಕಿನ ಆಸ್ಪತ್ರೆಗಳಲ್ಲಿದ್ದ ಕೆಲವರಲ್ಲಿಯೂ ಇಂತಹ ದ್ವಂದ್ವ ಸೋಂಕಿಗೆ ಸಾಕ್ಷ್ಯ ದೊರೆಯಿತು.

ಇದೇ ಕೇರಿಯವರು ೧೯೭೧ರಲ್ಲಿ ವೈದ್ಯಶಾಸ್ತ್ರದ ಇತಿಹಾಸಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ ಹಳೆಯ ವೃತ್ತಾಂತಗಳನ್ನು ಪುನಃ ಪರೀಕ್ಷಿಸಿದರು. ಬಟೇವಿಯಾದ ಗೆಣ್ಣುಜ್ವರ, ಝಾಂಜಿಬಾರಿನ ಕಿ-ಡಿಂಗ ಪೆಪೊ, ಭಾರತದ ೧೮೨೪ರ ಮತ್ತು ೧೮೭೧ರ ಪಿಡುಗುಗಳು ಡೆಂಗಿಯಲ್ಲ, ಚಿಕುನ್‌ಗುನ್ಯಾ ಎಂಬುದೇ ಅವರ ಸಿದ್ಧಾಂತದ ಸಾರ. ಇದನ್ನು ಒಪ್ಪಿದರೆ ವಿಚಿತ್ರವಾದ ನಾಮಾಂತರವೊಂದು ಗೋಚರವಾಗುತ್ತದೆ. ಪೂರ್ವ ಆಫ್ರಿಕದ ಕರಾವಳಿಯ ರೋಗವೊಂದರ ಹೆಸರು ಪಶ್ಚಿಮಕ್ಕೆ ಹೋಗಿ ಬೇರೊಂದು ರೋಗದಲ್ಲಿ ನೆಲೆನಿಂತಿತು. ಮೂಲರೋಗವು ಹೆಸರನ್ನು ಕಳೆದುಕೊಂಡು, ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅದೇ ಕರಾವಳಿಯ ಸೀಮೆಯಿಂದ ಹೊಸ ಹೆಸರನ್ನು ಪಡೆಯಬೇಕಾಯಿತು. ಗೆಣ್ಣುಜ್ವರ, ಡ್ಯಾಂಡಿ, ಚಿಕುನ್‌ಗುನ್ಯಾ, ಈ ಮೂರು ಹೆಸರುಗಳೂ ಕೀಲನ್ನೋ ನಡೆಯನ್ನೋ ಸೂಚಿಸುವುದು ಈ ವಾದಕ್ಕೆ ಪೋಷಕವಾಗಿದೆ. ಫಿಲಡೆಲ್ಫಿಯಾದ ಜ್ವರವಾದರೋ ನಿಜವಾದ ಡೆಂಗಿಯೇ ಎಂದು ಬಹುಮಂದಿ ಬಗೆಯುತ್ತಾರೆ.

ಆದರೆ ಈ ವಾದಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ತೋರಿಸಿಕೊಡುವುದು ಕೇರಿಯವರ ಮೊದಲಿನ ಶೋಧನೆಯೇ. ಜನರು ರೋಗಕ್ಕೆ ಹೆಸರಿಡುವುದು ಹೆಚ್ಚು ಮಂದಿಯಲ್ಲಿ ಎದ್ದುಕಾಣುವ ಲಕ್ಷಣವನ್ನು ಹಿಡಿದು. ಕೀಲುನೋವಿನಿಂದ ಊರೇ ನರಳುತ್ತಿರುವಾಗ, ನಡುವೆ ಕೆಲವರಿಗೆ ಡೆಂಗಿಯೂ, ಮತ್ತೆ ಕೆಲವರಿಗೆ ಎರಡೂ ಇದ್ದಿದ್ದರೆ, ಅದು ಹೆಸರಿನಲ್ಲಾಗಲಿ ವರ್ಣನೆಯಲ್ಲಾಗಲಿ ಕಾಣಿಸದು. ವೆಲ್ಲೂರಿನ ರೋಗಿಯ ರಕ್ತವನ್ನು ಪರೀಕ್ಷಿಸದಿದ್ದರೆ ಅವನ ಜ್ವರವೂ ಒಂದೇ ಜ್ವರವೆಂದು ದಾಖಲಾಗುತ್ತಿತ್ತು. ಆದುದರಿಂದ ೧೮೨೪ರ ಪಿಡುಗಿನಲ್ಲಿ ಚಿಕುನ್‌ಗುನ್ಯಾವೇ ಪ್ರಧಾನವಾಗಿದ್ದಿತೆಂದು ಹೇಳಬಹುದೇ ಹೊರತು, ಡೆಂಗಿ ಇರಲಿಲ್ಲವೆಂದು ಹೇಳಲು ಆಧಾರವಿಲ್ಲ. 'ಇದೋ ಅದೋ' ಎಂಬ ಪ್ರಶ್ನೆಯ ಜೊತೆಗೆ 'ಎರಡೂ ಇದ್ದುವೋ' ಎಂಬ ಪ್ರಶ್ನೆಯನ್ನೂ ಚರಿತ್ರಕಾರನು ಕೇಳಬೇಕು.

೫

೧೯೭೩ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡ ಮೇಲೆ ಚಿಕುನ್‌ಗುನ್ಯಾವು ಭಾರತದಲ್ಲಿ ಮೂರು ದಶಕಗಳ ಕಾಲ ಬಹುಮಟ್ಟಿಗೆ ಮರೆಯಾಗಿದ್ದಿತು. ೨೦೦೫ರ ಕೊನೆಗೆ ಅದು ಮರಳಿತು. ೨೦೦೬ರಲ್ಲಿ ದೇಶದಲ್ಲಿ ಸುಮಾರು ೧೩.೯ ಲಕ್ಷ ಶಂಕಿತ ರೋಗಿಗಳ ಲೆಕ್ಕ ಸಿಕ್ಕಿತು. ಅದರಲ್ಲಿ ಅರ್ಧಕ್ಕೂ ಮಿಕ್ಕು, ಸುಮಾರು ೭.೫ ಲಕ್ಷ, ಕರ್ನಾಟಕದ್ದು. ಅದೇ ವರ್ಷ ದಿಲ್ಲಿಯಲ್ಲಿ ಕೆಲವು ರೋಗಿಗಳ ರಕ್ತದಲ್ಲಿ ಎರಡು ವೈರಾಣುಗಳೂ ಒಟ್ಟಿಗೆ ಸಿಕ್ಕಿದುವು. ಹೀಗಾಗುವುದು ಅಸಹಜವಲ್ಲ: ಎರಡನ್ನೂ ಹೊರುವುದು ಈಡಿಸ್ ಸೊಳ್ಳೆಯೇ. ಒಂದೇ ಸೊಳ್ಳೆಯ ಜೊಲ್ಲಿನಲ್ಲಿ ಎರಡೂ ಇರಬಲ್ಲುವೆಂದು ಪ್ರಯೋಗಾಲಯಗಳಲ್ಲಿ ಸಿದ್ಧವಾಗಿದೆ.

ಡೆಂಗಿಯು ಮಲೇರಿಯಾದೊಡನೆ ಕೂಡುವ ಬಗೆ ಬೇರೆ. ಮಲೇರಿಯಾದ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಇರುಳಿನಲ್ಲಿ, ಈಡಿಸ್ ಕಚ್ಚುವುದು ಹಗಲಿನಲ್ಲಿ. ಅವುಗಳ ತವರುನೀರುಗಳೂ ಬಹುಮಟ್ಟಿಗೆ ಬೇರೆ. ಆದುದರಿಂದ ಎರಡು ಬೇರೆ ಕಡಿತಗಳಿಲ್ಲದೆ ಈ ಜೋಡಿ ಒದಗದು. ೨೦೦೫ರಲ್ಲಿ ಪಶ್ಚಿಮ ಆಫ್ರಿಕದಿಂದ ಫ್ರಾನ್ಸಿಗೆ ಮರಳಿದ ಪ್ರಯಾಣಿಕರೊಬ್ಬರಲ್ಲಿ ಇದು ವರದಿಯಾದ ಮೇಲೆ ಭಾರತವೇ ಮೊದಲಾದ ದೇಶಗಳಿಂದ ಇಂತಹ ವರದಿಗಳು ಬಂದಿವೆ. ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ವಿಷಮಶೀತಜ್ವರ, ಇಲಿಜ್ವರ ಮೊದಲಾದುವು ಡೆಂಗಿಯ ಜೊತೆಗೂಡುವುದುಂಟು.

ಇದು ಕೇವಲ ನಾಮವಿಚಾರವಲ್ಲ. ಡೆಂಗಿಗೆ ನೇರವಾದ ಔಷಧವಿಲ್ಲ, ಶುಶ್ರೂಷೆಯೇ ಗತಿ. ಮಲೇರಿಯಾಕ್ಕೂ ವಿಷಮಶೀತಜ್ವರಕ್ಕೂ ಔಷಧಗಳುಂಟು. ಡೆಂಗಿಯೆಂಬ ಮೊದಲ ಹೆಸರು ದೊರೆತೊಡನೆ ಹುಡುಕುವುದನ್ನು ನಿಲ್ಲಿಸಿದರೆ, ವಾಸಿಯಾಗಬಹುದಾಗಿದ್ದ ಎರಡನೆಯ ರೋಗವೇ ಪ್ರಾಣವನ್ನು ತೆಗೆದೀತು. ಇದಕ್ಕೆ ಪ್ರತಿಯಾದ ಎಚ್ಚರವೂ ಬೇಕು. ರಕ್ತದಲ್ಲಿ ಪ್ರತಿಕಾಯಗಳನ್ನು ನೋಡುವ ಪರೀಕ್ಷೆಗಳು ಒಂದನ್ನು ಇನ್ನೊಂದೆಂದು ತೋರಿಸುವುದುಂಟು. ಹಿಂದೆಂದೋ ಬಂದು ಹೋದ ರೋಗದ ಗುರುತನ್ನು ಇಂದಿನದೆಂದು ಭ್ರಮಿಸುವಂತೆ ಮಾಡುವುದೂ ಉಂಟು. ರೋಗಾಣುವೇ ದೊರೆತಲ್ಲಿ ಮಾತ್ರ ಸಂಕರವು ನಿಶ್ಚಿತ. ಮಿಕ್ಕಲ್ಲಿ ಅದು ಸಂಭಾವ್ಯ.

ವೈದ್ಯನಿಗೆ ಹೇಳಿದ ಈ ನಿಯಮವು ಹಳೆಯ ಕಾಗದಗಳನ್ನು ಓದುವವನಿಗೂ ಸಲ್ಲುತ್ತದೆ. ಕಡತದಲ್ಲಿ 'ಡೆಂಗಿ' ಎಂದಿದ್ದರೆ, ಆ ಕಾಲದವರು ಏನೆಂದು ಕರೆದರೆಂಬುದು ಮಾತ್ರ ಅದರಿಂದ ಸಿದ್ಧವಾಗುತ್ತದೆ; ಏನಿದ್ದಿತೆಂಬುದು ಲಕ್ಷಣ, ಮರಣಸಂಖ್ಯೆ, ಹರಡಿದ ಮಾರ್ಗ ಇವುಗಳಿಂದ ಬೇರೆಯಾಗಿ ಸಾಧಿಸತಕ್ಕದ್ದು.