ಹುಬ್ಬಳ್ಳಿಯ ಭಗಿನಿಯರು

ನಮ್ಮ ಓಣಿಯ ಮಹಿಳಾ ಮಂಡಳಕ್ಕೆ ಹೊಸಬರನ್ನು ಸೇರಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ರಕ್ತದಾನ ಶಿಬಿರ, ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು, ಮಳೆಗಾಲದಲ್ಲಿ ಗಟಾರ ಉಕ್ಕಿದಾಗ ಮಹಾನಗರ ಪಾಲಿಕೆಗೊಂದು ಅರ್ಜಿ. ನಮ್ಮ ಸೇವೆ ಇಷ್ಟೇ. ಪಾವತಿ ಪುಸ್ತಕ ಹಿಡಿದು ಹೋದರೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಸಿಗುವ ಉತ್ತರ, "ಮನ್ಯಾಗ ಒಂದ್ಮಾತು ಕೇಳಿ ಹೇಳ್ತೀನ್ರಿ ಅಕ್ಕಾರ." ಕೇಳಲಿ, ಬೇಡವೆನ್ನುವುದಿಲ್ಲ. ಆದರೆ ಇದೇ ಹುಬ್ಬಳ್ಳಿಯಲ್ಲಿ ಸುಮಾರು ನೂರು ವರ್ಷದ ಹಿಂದೆ ಉಮಾಬಾಯಿ ಕುಂದಾಪುರ ಅವರು ಹೆಂಗಸರನ್ನು ಹೊರಗೆ ಕರೆದಾಗ ಎಂಥ ಉತ್ತರಗಳು ಬಂದಿರಬಹುದು ಎಂದು ಯೋಚಿಸದೆ ಇರಲಾಗುವುದಿಲ್ಲ.

ಉಮಾಬಾಯಿಯವರಿಗಿಂತ ಮೊದಲು ಡಾಕ್ಟರ್ ನಾ.ಸು. ಹರ್ಡೀಕರರ ವಿಷಯ ಹೇಳಬೇಕು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಕಲಿತರು. ಅಲ್ಲೇ ಲಾಲಾ ಲಜಪತರಾಯರ ಜೊತೆ ಹೋಂ ರೂಲ್ ಲೀಗಿನ ಕೆಲಸ ಮಾಡಿದರು. 1921ರಲ್ಲಿ ಊರಿಗೆ ಮರಳಿದಾಗ ದವಾಖಾನೆ ತೆರೆದು ಆರಾಮಾಗಿ ಇರಬಹುದಿತ್ತು. ಅದನ್ನು ಬಿಟ್ಟು ಹುಬ್ಬಳ್ಳಿಯ ಹುಡುಗರನ್ನು ಕೂಡಿಸಿ ಕವಾಯತು ಕಲಿಸಿದರು. ಆಗ ಎಷ್ಟು ಮಂದಿ ನಕ್ಕರೋ ಏನೋ. ನಗು ನಿಂತದ್ದು 1923ರಲ್ಲಿ. ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಸಿಕ್ಕವರ ಪೈಕಿ ಅನೇಕರು ಜೈಲಿನ ಕಷ್ಟ ತಾಳದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ದೇಶಕ್ಕೆಲ್ಲ ಇಂಥದೊಂದು ಸ್ವಯಂಸೇವಕರ ದಳ ಬೇಕೆಂದು ತೀರ್ಮಾನವಾಗಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರು. ಹೊಣೆ ಹೊತ್ತು ದುಡಿದವರು ಹರ್ಡೀಕರರು. ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿ.

ಕಾಂಗ್ರೆಸ್ಸಿನೊಳಗೇ ಕೆಲವರಿಗೆ ಇದು ಸರಿಬೀಳಲಿಲ್ಲ. ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಿಸಿದರೆ ಅದು ಸೈನ್ಯವೇ ಆಗುತ್ತದೆ, ಅಹಿಂಸೆಗೆ ಹೊಂದುವುದಿಲ್ಲ ಎಂಬ ಅಂಜಿಕೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಶಿಸ್ತಿಲ್ಲದ ಸ್ವಯಂಸೇವಕರು ಹೇಗಿರುತ್ತಾರೆಂದು ನೋಡಬೇಕಿದ್ದರೆ 1901ರ ಕಲ್ಕತ್ತಾ ಅಧಿವೇಶನಕ್ಕೆ ಹೋಗಬೇಕು. ಗಾಂಧೀಜಿ ಆತ್ಮಕಥೆಯಲ್ಲಿ ಅದನ್ನು ವಿವರವಾಗಿ ಬರೆದಿದ್ದಾರೆ. ಒಬ್ಬ ಸ್ವಯಂಸೇವಕನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ಹೇಳುವುದು, ಅವನು ಮತ್ತೊಬ್ಬನಿಗೆ. ಪಾಯಖಾನೆಗಳು ನಾರುತ್ತಿದ್ದವು. ತೋರಿಸಿದರೆ, ಅದು ನಮ್ಮ ಕೆಲಸವಲ್ಲ, ಜಾಡಮಾಲಿಯದು ಎಂಬ ಉತ್ತರ. ದಕ್ಷಿಣ ಆಫ್ರಿಕದಿಂದ ಬಂದಿದ್ದ ಆ ವಕೀಲರು ಪೊರಕೆ ಕೇಳಿದರು. ಕೇಳಿದವನು ಬೆರಗಾಗಿ ನಿಂತ. ಅವರು ಪೊರಕೆ ಹುಡುಕಿಕೊಂಡು ತಾವು ಬಳಸುವ ಪಾಯಖಾನೆಯನ್ನು ತಾವೇ ಗುಡಿಸಿಕೊಂಡರು. ಕೆಲವರು ರಾತ್ರಿ ವರಾಂಡದಲ್ಲೇ ಮಲಮೂತ್ರ ಮಾಡಿದ್ದರಂತೆ. ಬೆಳಿಗ್ಗೆ ಅದನ್ನು ತೆಗೆಯಲು ಯಾರೂ ಮುಂದೆ ಬರಲಿಲ್ಲ. ದೇಶ ಕಟ್ಟಲು ಬಂದವರ ಸ್ಥಿತಿ ಅದು.

ಅದೇ ಗಾಂಧೀಜಿ 1924ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಅಧ್ಯಕ್ಷರಾದರು. ಅವರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ಊರೇ ಎದ್ದಿತು. ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಅದು ಇಂದಿಗೂ ಇದೆ, ಬೆಳಗಾವಿಗೆ ಹೋದವರು ನೋಡಿಬರಬಹುದು. ಸಭೆಯಲ್ಲಿ ಹುಯಿಲಗೋಳ ನಾರಾಯಣರಾಯರ ಹಾಡು ಮೊಳಗಿದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಮಕ್ಕಳಿಗೆ ನಾವು ಹೇಳದಿರುವುದು ಪಾಯಖಾನೆಯ ವಿಷಯ. ಶಿಬಿರದ ನೈರ್ಮಲ್ಯದ ಕೆಲಸಕ್ಕೆ ಕಾಕಾ ಕಾಲೇಲ್ಕರರು ನಿಂತರು, ಬ್ರಾಹ್ಮಣರ ಹುಡುಗರೂ ಪೊರಕೆ ಹಿಡಿದರು. ಹರ್ಡೀಕರರ ಸ್ವಯಂಸೇವಕರು ಶಿಬಿರದ ಶಿಸ್ತು ನೋಡಿಕೊಂಡರು. ಕಲ್ಕತ್ತೆಯಿಂದ ಬೆಳಗಾವಿಗೆ 23 ವರ್ಷ ಹಿಡಿಯಿತು. ಸೇವೆ ಎಂದರೆ ಹೂಮಾಲೆ ಹಿಡಿದು ವೇದಿಕೆಯ ಪಕ್ಕದಲ್ಲಿ ನಿಲ್ಲುವುದು ಎಂದುಕೊಂಡವರು ನಮ್ಮಲ್ಲಿ ಈಗಲೂ ಕಡಿಮೆ ಇಲ್ಲವಾದ್ದರಿಂದ ಇದನ್ನು ಇಷ್ಟು ಎಳೆದು ಹೇಳಿದೆ.

ಆ ಬೆಳಗಾವಿಯ ಶಿಬಿರಕ್ಕೆ ಹೆಂಗಸರನ್ನು ಕೂಡಿಸಿದವರು ಉಮಾಬಾಯಿ. ಒಬ್ಬರಲ್ಲ ಇಬ್ಬರಲ್ಲ, ನೂರೈವತ್ತಕ್ಕೂ ಮಿಕ್ಕಿ.

ಉಮಾಬಾಯಿ ಹುಟ್ಟಿದ್ದು 1892ರಲ್ಲಿ ಮಂಗಳೂರಿನಲ್ಲಿ, ಗೋಳಿಕೇರಿಯವರ ಮನೆಯಲ್ಲಿ. ಹುಟ್ಟುಹೆಸರು ಭವಾನಿ. ಎಳೆವಯಸ್ಸಿಗೇ ಸಂಜೀವರಾವ್ ಕುಂದಾಪುರ ಅವರೊಂದಿಗೆ ಮದುವೆಯಾಗಿ ಮುಂಬಯಿಯಲ್ಲಿ ಸಂಸಾರ. ಮಾವನವರಾದ ಆನಂದರಾಯರು ಸೊಸೆಯನ್ನು ಓದಿಸಿದರು. ಆ ಕಾಲಕ್ಕೆ ಮದುವೆಯಾದ ಮೇಲೆ ಮೆಟ್ರಿಕ್ ಪಾಸಾದ ಹುಡುಗಿ ಎಂದರೆ ಸಣ್ಣ ಮಾತೇ? ಗಂಡ ಕ್ಷಯದಿಂದ ತೀರಿಕೊಂಡ ನಂತರ ಮಾವ, ಸೊಸೆ ಹುಬ್ಬಳ್ಳಿಗೆ ಬಂದರು. ಆನಂದರಾಯರು ಕರ್ನಾಟಕ ಪ್ರೆಸ್ ನಡೆಸಿದರು. ಉಮಾಬಾಯಿ ತಿಲಕ್ ಕನ್ಯಾಶಾಲೆಯ ಹೊಣೆ ಹೊತ್ತರು, ಭಗಿನಿ ಮಂಡಳ ಕಟ್ಟಿದರು. ಸೇವಾದಳದ ಮಹಿಳಾ ವಿಭಾಗದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಅವರೂ ಮಂಗಳೂರಿನವರೇ, ಉಮಾಬಾಯಿಗಿಂತ ಹನ್ನೊಂದು ವರ್ಷ ಕಿರಿಯರು.

ಗಂಡನನ್ನು ಕಳೆದುಕೊಂಡ ಸೊಸೆಯನ್ನು ಒಳಕೋಣೆಯಲ್ಲಿ ಕೂಡಿಸುವ ಕಾಲ ಅದು. ನಮ್ಮ ಅಜ್ಜಿ ಹೇಳುತ್ತಿದ್ದರು, ಅಂಥವರು ಬೆಳಗಿನ ಹೊತ್ತು ಎದುರಿಗೆ ಬಂದರೆ ಹೊರಟವರು ತಿರುಗಿ ಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದರು ಎಂದು. ಉಮಾಬಾಯಿ ಊರೂರು ತಿರುಗಿದ್ದು ಅಂಥ ಬೀದಿಗಳಲ್ಲಿ, ಕರೆತಂದವರಲ್ಲಿ ವಿಧವೆಯರೂ ಇದ್ದರು. ಭಗಿನಿಯರು ಬೇರೆಯವರಿಗೆ ಮಾಡಿದ ಸೇವೆಯನ್ನು ಬರೆದವರಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಮಂಡಳ ತನ್ನವರಿಗೇ ಮಾಡಿದ ಉಪಕಾರ: ಮದುವೆ, ಮುಂಜಿ, ಅರಿಸಿನ ಕುಂಕುಮ ಎಲ್ಲದರಿಂದ ಹೊರಗಿಟ್ಟ ಹೆಂಗಸಿಗೆ ಹೊಸ್ತಿಲು ದಾಟಲು ಒಂದು ಕಾರಣ ಸಿಕ್ಕಿತು. ಶಾಲೆಯಲ್ಲಿದ್ದಾಗ ನಾನೂ ಹರ್ಡೀಕರರೇ ಕಟ್ಟಿದ ಭಾರತ ಸೇವಾದಳದಲ್ಲಿ ಕವಾಯತು ಮಾಡಿದವಳು. ಸಾಲಿನಲ್ಲಿ ನಮ್ಮನ್ನು ನಿಲ್ಲಿಸುತ್ತಿದ್ದುದು ಎತ್ತರ ನೋಡಿ. ಯಾರ ಮಗಳು, ಯಾವ ಓಣಿ ಎಂದು ಕೇಳುತ್ತಿರಲಿಲ್ಲ. ಸೈನ್ಯವೆಂದು ಅಂಜಿದವರಿಗೆ ಈ ಗುಣ ಕಾಣಲಿಲ್ಲವೇನೋ.

ಸರ್ಕಾರಕ್ಕೆ ಮಾತ್ರ ಚೆನ್ನಾಗಿ ಕಂಡಿತು. 1932ರಲ್ಲಿ ಉಮಾಬಾಯಿ ಸೆರೆಯಾಗಿ ಯರವಡಾ ಜೈಲಿಗೆ ಹೋದರು. ಇತ್ತ ಪ್ರೆಸ್ಸನ್ನು ಜಪ್ತಿ ಮಾಡಿದರು, ಶಾಲೆಗೆ ಬೀಗ ಹಾಕಿದರು, ಭಗಿನಿ ಮಂಡಳವನ್ನು ಕಾನೂನುಬಾಹಿರ ಸಂಘವೆಂದು ಸಾರಿದರು. ಹೆಂಗಸರ ಒಂದು ಸೇವಾ ಸಂಘಕ್ಕೆ ಇಷ್ಟು ಮರ್ಯಾದೆ! ಸೇವಾದಳದ ಮೇಲೂ ನಿಷೇಧ ಬಿತ್ತು.

ಇದರ ಮುಂದಿನ ಭಾಗ ಯಾವ ಕವಾಯತಿನಲ್ಲೂ ಕಲಿಸಿದ್ದಲ್ಲ. ಜೈಲಿನಿಂದ ಬಿಡುಗಡೆಯಾದ ಎಷ್ಟೋ ಹೆಂಗಸರಿಗೆ ಹೋಗಲು ಮನೆ ಇರಲಿಲ್ಲ. ಅಂಥವರು ಹುಬ್ಬಳ್ಳಿಯ ಉಮಾಬಾಯಿಯವರ ಸಣ್ಣ ಮನೆಗೆ ಬಂದರು. ಊಟ, ಬಟ್ಟೆ, ಒಂದಿಷ್ಟು ಹಣ, ಇರಲು ಜಾಗ. ಸಂಘವನ್ನು ಸರ್ಕಾರ ಕಾಗದದಲ್ಲಿ ಅಳಿಸಿ ಹಾಕಿತ್ತು, ನಿಜ. ಪುಣ್ಯಕ್ಕೆ ಅಡುಗೆಮನೆಗೆ ನೋಂದಣಿ ಬೇಕಾಗಿರಲಿಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಉಮಾಬಾಯಿ ಸ್ವಯಂಸೇವಕರೊಂದಿಗೆ ಅಲ್ಲಿಗೂ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1946ರಲ್ಲಿ ಗಾಂಧೀಜಿ ಅವರನ್ನು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಗೆ ನೇಮಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಗ್ರಾಮಸೇವಿಕೆಯರಾಗಿ ತಯಾರು ಮಾಡುವ ಕೆಲಸ. ಬೊಕ್ಕಸ ಬರಿದಾಗಿದ್ದರಿಂದ ದೇಣಿಗೆ ಎತ್ತುವುದೂ ಅವರ ಪಾಲಿಗೇ ಬಂತು. ಲೆಕ್ಕದ ಪುಸ್ತಕ ಹಿಡಿದ ನನಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಹರ್ಡೀಕರರು ರಾಜ್ಯಸಭೆಗೆ ಹೋದರು, 1958ರಲ್ಲಿ ಪದ್ಮಭೂಷಣ ಬಂತು, 1975ರಲ್ಲಿ ತೀರಿಕೊಂಡರು. ಅವರ ಜನ್ಮಶತಾಬ್ದಿಗೆ, 1989ರಲ್ಲಿ, ಅಂಚೆಚೀಟಿ ಹೊರಟಿತು. ಉಮಾಬಾಯಿ ಆಗ ಇನ್ನೂ ಬದುಕಿದ್ದರು. ತಾಮ್ರಪತ್ರ, ಪಿಂಚಣಿ ಎರಡನ್ನೂ ಬೇಡವೆಂದಿದ್ದರು. 1992ರಲ್ಲಿ, ಮಾವನವರ ನೆನಪಿಗೆ ‘ಆನಂದ ಸ್ಮೃತಿ’ ಎಂದು ಹೆಸರಿಟ್ಟುಕೊಂಡ ಸಣ್ಣ ಮನೆಯಲ್ಲಿ ಬಾಳಿ, ನೂರರ ಅಂಚಿನಲ್ಲಿ ತೀರಿಕೊಂಡರು. ಅವರ ಜಯಂತಿಯ ಭಾಷಣಗಳಲ್ಲಿ ಪಿಂಚಣಿ ಬೇಡವೆಂದದ್ದನ್ನೇ ಹಾಡಿ ಹೊಗಳುತ್ತಾರೆ. ನನ್ನನ್ನು ಕೇಳಿದರೆ ಹೊಗಳಬೇಕಾದದ್ದು ಆನಂದರಾಯರನ್ನೂ: ಮಗನನ್ನು ಕಳೆದುಕೊಂಡ ಮನೆಯಲ್ಲಿ ಸೊಸೆಯನ್ನು ಹೊರಗೆ ಕಳಿಸಲು ಆ ಹಿರಿಯರು ಯಾರ ಅಪ್ಪಣೆಗೂ ಕಾಯಲಿಲ್ಲ.