ತತ್ತಿ ಕಡಿಮಿ, ಮಂದಿ ಭಾಳ: ಫ್ರಿಟಾಟಾದ ಕಥಿ

ಫ್ರಿಟಾಟಾದ ಹೊಟ್ಟ್ಯಾಗ ಪಲ್ಯ ಬಂದದ್ದು ಲೆಕ್ಕದ ಸಲುವಾಗಿ. ರುಚಿ ಆಮ್ಯಾಲೆ ಬಂತು. ಇದು ನನ್ನ ಅಭಿಪ್ರಾಯ, ಒಪ್ಪೂದು ಬಿಡೂದು ನಿಮಗ ಬಿಟ್ಟದ್ದು. ಈಗಿನ ಅಡಗಿ ವಿಡಿಯೋ ನೋಡಿದ್ರ ಹನ್ನೆರಡು ತತ್ತಿ, ಒಂದು ಬಟ್ಟಲ ಕೆನಿ, ಮುಷ್ಟಿಗಟ್ಟಲೆ ಚೀಸ್, ನಡುವ ಶಾಸ್ತ್ರಕ್ಕ ನಾಕು ಎಲಿ ಪಾಲಕ. ಆದ್ರ ಈ ತಿನಿಸು ಬೆಳೆದು ಬಂದ ಇಟಲಿಯ ಹಳ್ಳಿ ಅಡಗಿಮನ್ಯಾಗ ಲೆಕ್ಕ ಪೂರಾ ಉಲ್ಟಾ ಇತ್ತು. ಆರು ತತ್ತಿ, ಉಣ್ಣಾಕ ಒಂಬತ್ತು ಮಂದಿ. ಕಡಿಮಿ ಬಿದ್ದದ್ದನ್ನ ತಪ್ಪಲು ತುಂಬಬೇಕಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡ್ತೀನಿ. ಫ್ರಿಟಾಟಾ ಅಂದ್ರ ನಮ್ಮ ಆಮ್ಲೆಟ್‌ನ ದಪ್ಪನ್ನ ಅಕ್ಕ. ಫ್ರೆಂಚ್ ಆಮ್ಲೆಟ್‌ನ್ಯಾಗ ತತ್ತಿ ಬೆಂದಮ್ಯಾಲೆ ಒಳಗ ಏನರ ಇಟ್ಟು ಮಡಚತಾರ. ಇದರಾಗ ಹಂಗಲ್ಲ. ಬೇಯಿಸಿದ ಪಲ್ಯಾನ ಮೊದಲ ತತ್ತಿಯೊಳಗ ಕಲಸಿ, ಸಣ್ಣ ಉರಿ ಮ್ಯಾಲೆ ಸಾವಕಾಶ ಬೇಯಿಸಿ, ಕೇಕ್ ಕೊಯ್ದಂಗ ಕೊಯ್ದು ಹಂಚತಾರ. ಹಂಚತಾರ ಅನ್ನೂ ಮಾತು ನೆನಪಿಟ್ಟುಕೊಳ್ರಿ. ಆಮ್ಲೆಟ್ ಒಬ್ಬರಿಗೆ ಒಂದು, ಫ್ರಿಟಾಟಾ ಮನಿಗೆಲ್ಲಾ ಒಂದು. ಹೆಸರಿನ್ಯಾಗ ಅಂಥಾ ಗುಟ್ಟೇನೂ ಇಲ್ಲ. ಇಟಾಲಿಯನ್ ಭಾಷಾದಾಗ ‘ಫ್ರೀಜೆರೆ’ ಅಂದ್ರ ಎಣ್ಣ್ಯಾಗ ಕರಿಯೂದು, ಹುರಿಯೂದು; ಅದರಿಂದ ಫ್ರಿಟಾಟಾ.

ತತ್ತಿಯೊಳಗ ತಪ್ಪಲು ಕಲಸೂ ಬುದ್ಧಿ ಮಾತ್ರ ಆ ಹೆಸರಿಗಿಂತಾ ಭಾಳ ಹಳೇದು. ರೋಮನ್ನರ ಅಡಗಿ ಪುಸ್ತಕ ಒಂದು ಉಳದದ, ಅಪೀಸಿಯಸ್ ಅನ್ನೂ ಹೆಸರಿನ್ಯಾಗ. ಅದರಾಗ ‘ಪಾಟಿನಾ’ ಅಂತ ಒಂದು ಜಾತಿಯ ತಿನಿಸು ಬರತಾವ. ಪಾಟಿನಾ ಅಂದ್ರ ಅಗಲಾದ, ಆಳ ಇಲ್ಲದ ಪಾತ್ರಿ. ಪಾತ್ರಿ ಹೆಸರನ್ನ ಅದರಾಗ ಬೇಯೂ ತಿನಿಸಿಗೂ ಇಟ್ಟಾರ. ಶತಾವರಿ ಜಾತಿಯ ಎಳೀ ದಂಟು, ಅಂದ್ರ ಆಸ್ಪರಾಗಸ್, ಕುಟ್ಟಿ ಸೋಸಿ, ಮೆಣಸು, ಕೊತ್ತಂಬ್ರಿ, ಉಳ್ಳಾಗಡ್ಡಿ, ದ್ರಾಕ್ಷಿ ಮದ್ಯ, ಮೀನಿನ ಸಾರು ಎಲ್ಲಾ ಕೂಡಿಸಿ ತತ್ತಿ ಒಡದು ಹಾಕಿ ಗಟ್ಟಿ ಮಾಡೂದು ಒಂದು. ಚುರುಚುರು ಅನ್ನೂ ತುರಚಿ ಗಿಡದ ಜಾತಿಯ ಎಲಿ ಹಾಕಿದ ಪಾಟಿನಾ ಇನ್ನೊಂದು. ಗುಲಾಬಿ ಎಸಳಿಂದೂ ಅದ, ಪೇರ್ ಹಣ್ಣಿಂದೂ ಅದ. ಗುಲಾಬಿ ಎಸಳಿಂದ ಮಾಡೂದು ಶ್ರೀಮಂತರ ಹುಚ್ಚು, ಅದನ್ನ ಬಿಡ್ರಿ. ಆದ್ರ ತುರಚಿ ಎಲಿ ನೋಡಿ ನನಗ ಖುಷಿ ಆತು. ಬೇಲ್ಯಾಗ ಬಿಟ್ಟಿ ಬೆಳಿಯೂದನ್ನ ತತ್ತಿಯೊಳಗ ಕೂಡಿಸೂದು ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಈಗ ಫ್ರಿಟಾಟಾ ಅಂದಕೂಡ್ಲೆ ನೆನಪಾಗೂ ಬಟಾಟಿ, ಟೊಮೇಟೊ, ಜುಕಿನಿ ಅನ್ನೂ ಹಸರು ಸೌತಿಕಾಯಿಯಂಥಾ ಕಾಯಿ, ಇವ್ಯಾವೂ ಆ ರೋಮನ್ನರಿಗೆ ಗೊತ್ತಿರಲಿಲ್ಲ. ಅವೆಲ್ಲಾ 1492ರ ನಂತರ ಅಮೆರಿಕಾದಿಂದ ಬಂದ ಗಿಡಗಳ ಸಂತಾನ. ನಮ್ಮ ಮೆಣಸಿನಕಾಯಿ ಹಂಗ.

ಫ್ರಿಟಾಟಾ ಅಂತ ಹೆಸರು ಹಿಡದು ಸರಿಯಾಗಿ ಬರದಿಟ್ಟಾಂವ ಹದಿನೈದನೇ ಶತಮಾನದ ಮಾರ್ಟೀನೋ. ಕೋಮೋ ಸೀಮಿಯಾಂವ, ರೋಮ್‌ನ್ಯಾಗ ಒಬ್ಬ ದೊಡ್ಡ ಕಾರ್ಡಿನಲ್ ಮನ್ಯಾಗ ಅಡಗಿ ಮಾಡಾಂವ. ಅಂವ ಹೇಳೂದು ಇಷ್ಟ: ತತ್ತಿ ಛಲೋತ್ನಾಗ ಕಲಸಬೇಕು, ಮೆತ್ತಗಾಗಲಿ ಅಂತ ಒಂದೀಟು ನೀರು, ಒಂದೀಟು ಹಾಲು ಹಾಕಬೇಕು, ಹೆರದ ಚೀಸ್ ಒಂದೀಟು, ಬೆಣ್ಣ್ಯಾಗ ಬೇಯಿಸಬೇಕು. ಹೊಳ್ಳಿಸಿ ಹಾಕಬಾರದು, ಭಾಳ ಬೇಯಿಸಬಾರದು. ಹಸರು ಫ್ರಿಟಾಟಾ ಬೇಕಂದ್ರ ಪಾರ್ಸ್ಲಿ, ಪುದೀನಾ, ಬೊರಾಜ್, ಮಾರ್ಜೊರಮ್ ಇಂಥಾ ಎಲಿಗಳ ರಸಾ ಹಿಂಡಿ ಹಾಕಬೇಕು, ಸೇಜ್ ಎಲಿ ಮಾತ್ರ ಕಡಿಮಿ. ಇಲ್ಲಂದ್ರ ಎಲಿ ಸಣ್ಣಗ ಹೆಚ್ಚಿ, ಮೊದಲ ಬೆಣ್ಣ್ಯಾಗ ಒಂಚೂರು ಬಾಡಿಸಿ, ಆಮ್ಯಾಲೆ ತತ್ತಿಗೆ ಕೂಡಿಸಬೇಕು. ಪ್ಲಾಟಿನಾ ಅನ್ನೂ ಪಂಡಿತ ಇವನ ಅಡಗಿಗಳನ್ನ ಲ್ಯಾಟಿನ್‌ನ್ಯಾಗ ಬರದು ಪುಸ್ತಕಾ ಮಾಡಿದ. 1470ರ ದಶಕದಾಗ ಅಚ್ಚಾದ ಆ ಪುಸ್ತಕಾನ ಜಗತ್ತಿನ ಮೊದಲ ಅಚ್ಚಿನ ಅಡಗಿ ಪುಸ್ತಕ ಅಂತಾರ. ಪುಣ್ಯಾಕ್ಕ, ಇದೆಲ್ಲಾ ಮಾರ್ಟೀನೋನ ಹತ್ತರ ಕಲತದ್ದು ಅಂತ ಪ್ಲಾಟಿನಾ ಬಾಯಿಬಿಟ್ಟು ಹೇಳ್ಯಾನ. ಅಡಗಿಯವರ ಹೆಸರು ಹಂಗ ಉಳಿಯೂದು ಅಪರೂಪ.

ಆದ್ರ ಕಾರ್ಡಿನಲ್ ಮನ್ಯಾಗ ತತ್ತಿಗೇನು ಬರ? ನನಗ ಆಸಕ್ತಿ ಇರೋದು ಬರ ಇದ್ದ ಮನಿಗಳ ಮ್ಯಾಲೆ. ಅಲ್ಲಿ ವರ್ಷದ ಲೆಕ್ಕಾ ಬ್ಯಾರೆ ಇತ್ತು. ಕೋಳಿ ತತ್ತಿ ಇಡೂದು ಬೆಳಕಿನ ಮ್ಯಾಲೆ ಅವಲಂಬಿಸ್ತದ. ಚಳಿಗಾಲದಾಗ ಹೊತ್ತು ಸಣ್ಣದು, ತತ್ತಿ ನಿಂತುಬಿಡ್ತಾವ. ಹಗಲು ಉದ್ದಾದಂಗ ಮತ್ತ ಶುರು. ಸರಿಯಾಗಿ ಅದ ಹೊತ್ತಿಗೆ ಈಸ್ಟರ್ ಮುಂಚಿನ ನಲವತ್ತು ದಿನದ ಉಪವಾಸ ಬರತಿತ್ತು. ಹಿಂದಿನ ಕಾಲಕ್ಕ ಆ ಉಪವಾಸದಾಗ ಮಾಂಸದ ಕೂಡ ತತ್ತಿ, ಹಾಲು, ಬೆಣ್ಣಿ ಎಲ್ಲಾ ವರ್ಜ್ಯ. ಕೋಳಿಗೆ ಏನ್ ಗೊತ್ತು ಉಪವಾಸ? ಅವು ಇಟ್ಟಕೋತ ಹೋಗತಿದ್ವು, ತತ್ತಿ ಕೂಡಿಕೋತ ಹೋಗತಿದ್ವು. ಹಬ್ಬ ಬಂದ ಮ್ಯಾಲೆ ಹೊಲದ ಎಳೀ ಚಿಗುರೂ ಬಂದಿರತಿತ್ತು. ಇಟಲಿಯ ಬ್ಯಾರೆ ಬ್ಯಾರೆ ಕಡೆ ಇವತ್ತಿಗೂ ವಸಂತದ ಫ್ರಿಟಾಟಾ ಅಂದ್ರ ಕಾಡುಚಿಗುರಿಂದ: ವೆನೆಟೋದಾಗ ‘ಬ್ರುಸ್ಕಾಂಡೊಲಿ’ ಅಂತ ಹಾಪ್ಸ್ ಬಳ್ಳಿ ಕುಡಿ, ಟಸ್ಕನಿಯಾಗ ‘ವಿಟಾಲ್ಬಾ’ ಅನ್ನೂ ಬೇಲಿ ಬಳ್ಳಿ ಕುಡಿ. ಮಳಿಗಾಲದ ಮೊದಲನೇ ವಾರದಾಗ ನಮ್ಮ ಹೆಣ್ಮಕ್ಳು ಹೊಲದ ಬದುವಿನ್ಯಾಗ ಪಲ್ಯ ಹರಕೊಂಡು ಉಡಿ ತುಂಬಿಸಿಕೊಂಡು ಬರತಾರಲ್ಲಾ, ಅದ ಚಿತ್ರ.

ನಾವು ನಾಕು ವರ್ಷ ಬೊಲೋನ್ಯಾದಾಗ ಇದ್ವಿ, ನಮ್ಮ ಯಜಮಾನ್ರ ಕೆಲಸದ ಸಲುವಾಗಿ. ನಮ್ಮ ಮ್ಯಾಲಿನ ಮನ್ಯಾಗ ಎಂಬತ್ತು ದಾಟಿದ ಸಿನ್ಯೋರಾ ಒಬ್ಬರಿದ್ರು. ನನ್ನ ‘ಕಾರಾ’ ಅಂತ ಕರೀತಿದ್ರು. ಅವರ ಭಾಷಾದಾಗ ಹಂಗಂದ್ರ ಪ್ರೀತಿಯಾಕಿ; ಬ್ಯಾಡಗಿ ಕಡೆಯಾಕಿ ಆದ ನನಗ ಅದು ಸರಿಯಾಗೇ ಹೊಂದತಿತ್ತು. ಅವರ ತಾಯಿತಂದಿ ‘ಮೆಝಾದ್ರಿಯಾ’ ಪದ್ಧತಿಯೊಳಗ ಹೊಲಾ ಮಾಡಿದವರು. ಅಂದ್ರ ಪಾಲಿಗೆ ಹೊಲಾ ಮಾಡೂದು: ಭೂಮಿ ಧಣೀದು, ದುಡತ ಇವರದು, ಬೆಳಿಯೊಳಗ ಅರ್ಧಾ ಅರ್ಧಾ. ಮಧ್ಯ ಇಟಲಿಯಾಗ, ಟಸ್ಕನಿ, ಉಂಬ್ರಿಯಾ, ಮಾರ್ಕೆ, ಎಮಿಲಿಯಾ-ರೊಮಾನ್ಯಾದಾಗ, ಶತಮಾನಗಟ್ಟಲೆ ಇದ ನಡೀತು. 1964ರಾಗ ಕಾಯ್ದೆ ಬಂದು ಹೊಸಾ ಕರಾರು ನಿಂತ್ವು. (ನಮ್ಮಲ್ಲೆ ಉಳುವವನೇ ಒಡೆಯ ಅಂತ ಜೋರಾಗಿ ಜಾರಿಗೆ ಬಂದದ್ದು ಹತ್ತು ವರ್ಷದ ಮ್ಯಾಲೆ, 1974ರಾಗ.) ಬೆಳಿಯ ಅರ್ಧಾ ಪಾಲಿನ ಮ್ಯಾಲೆ ಇನ್ನೊಂದು ಇತ್ತು, ‘ರೆಗಾಲಿಯೆ’ ಅಂತ. ಹೆಸರು ಕೇಳಿದ್ರ ಉಡುಗೊರಿ ಅನಿಸ್ತದ. ಹಬ್ಬಕ್ಕ ಇಷ್ಟು ಹುಂಜಾ, ಇಷ್ಟು ಕೋಳಿ, ಇಷ್ಟು ತತ್ತಿ ಧಣಿಮನಿಗೆ ಮುಟ್ಟಿಸಬೇಕು ಅನ್ನೂ ಕರಾರು ಅದು. ಕೊಡೂದು ಬಿಡೂದು ಇವರ ಮರ್ಜಿಯೊಳಗ ಇರಲಿಲ್ಲ.

ಹಂಗ ಧಣಿಗೆ ಎಣಿಸಿ ಇಟ್ಟು ಉಳದ ತತ್ತಿ ಮನಿ ಹಿರೇ ಹೆಣ್ಮಗಳ ಕೈಗೆ. ಅಂಗಳದ ಕೋಳಿ ವ್ಯವಹಾರ ಆಕಿದು. ಮನಿಮನಿಗೆ ಬರೂ ವ್ಯಾಪಾರಿಗೆ ತತ್ತಿ ಕೊಟ್ಟು ಆಕಿ ದಾರಾ, ಸೂಜಿ, ಉಪ್ಪು, ಮಕ್ಕಳ ಅಂಗಿ ಬಟ್ಟಿ ತೊಗೋತಿದ್ಲು. ತತ್ತಿ ಅಂದ್ರ ಆಕಿ ಕೈಯಾಗಿನ ರೊಕ್ಕ. ಅದನ್ನ ಒಡದು ಹಂಚಿಗೆ ಹಾಕೂದಂದ್ರ ಮನಸ್ಸು ಹ್ಯಾಂಗ ಬರಬೇಕು ಹೇಳ್ರಿ? ಸಿನ್ಯೋರಾ ಅವರ ತಾಯಿ ಒಂದು ತತ್ತಿ ಹೆಚ್ಚಿಗಿ ಒಡಿಬೇಕಾದ್ರ ಬುಟ್ಟಿ ಕಡೆ ಎರಡು ಸಲಾ ನೋಡ್ತಿದ್ರಂತ. ಆರು ತತ್ತಿಗೆ ಒಂದು ದೊಡ್ಡ ಬುಟ್ಟಿ ತಪ್ಪಲಾ, ನಾಕು ಉಳ್ಳಾಗಡ್ಡಿ, ಹಾಲಿನ್ಯಾಗ ನೆನಸಿದ ಒಣಾ ಬ್ರೆಡ್ಡು. ಕೊಯ್ದು ಹಂಚೂದ್ರಾಗ ಹೊಲಕ್ಕ ಹೋಗೂ ಗಂಡಸರಿಗೆ ದೊಡ್ಡ ಹೋಳು, ಹುಡುಗರಿಗೆ ಸಣ್ಣ ಹೋಳು. ತಾಯಿ ಕಡೀಕ ಬ್ರೆಡ್ಡಿನ ತುಂಡಿನಿಂದ ಹಂಚು ಒರಸಿಕೊಂಡು ತಿಂತಿದ್ರು. ಸಿನ್ಯೋರಾ ಇದನ್ನ ಹೇಳೂ ಮುಂದ ಅಳಲಿಲ್ಲ, ಸಿಟ್ಟಿಗೇಳಲಿಲ್ಲ. “ಹಂಚು ಒರಸಿದ ಬ್ರೆಡ್ಡ ಎಲ್ಲಾಕಿಂತಾ ರುಚಿ ಅಂತಿದ್ಲು, ನಾವು ನಂಬತಿದ್ವಿ” ಅಂದ್ರು ಅಷ್ಟ.

ನಮ್ಮ ಆಯಿಯ ಕೋಳಿನೂ ಹಿಂಗ. ಆರೇಳು ಕೋಳಿ, ಬುಟ್ಟಿ ಕೆಳಗ ಕವಚಿ ಇಡ್ತಿದ್ಲು. ತತ್ತಿ ಕೂಡಿಸಿ ಜ್ವಾಳದಾಗ ಹುಗಿದು ಇಟ್ಟು ವಾರದ ಸಂತಿಗೆ ಒಯ್ತಿದ್ಲು. ಆ ರೊಕ್ಕಾ ನಮ್ಮ ಅಜ್ಜಗ ತೋರಿಸ್ತಿದ್ದಿಲ್ಲ. ನಮ್ಮವ್ವನ ಪಾಟಿ, ಬಳಪ, ಆಮ್ಯಾಲೆ ಏಳನೇತ್ತೆಯ ಪರೀಕ್ಷಾ ಫೀ, ಎಲ್ಲಾ ತತ್ತಿ ರೊಕ್ಕದಾಗ. ಹೆಣ್ಣುಹುಡುಗಿಗೆ ಇನ್ನ ಸಾಲಿ ಯಾಕ ಅಂತ ಅಜ್ಜ ಅನ್ನೂ ಹೊತ್ತಿಗೆ ಫೀ ಕಟ್ಟಿ ಆಗಿತ್ತು. ಮನ್ಯಾಗ ತತ್ತಿ ಮಾಡಿದ್ರ ಎರಡಕ್ಕ ನಾಕು ಉಳ್ಳಾಗಡ್ಡಿ, ಮ್ಯಾಲೆ ಒಂದು ಮುಷ್ಟಿ ಕಡ್ಲಿಹಿಟ್ಟು. ಅದನ್ನ ನಾವು ಫ್ರಿಟಾಟಾ ಅಂತ ಕರೀಲಿಲ್ಲ, ಅಷ್ಟ ವ್ಯತ್ಯಾಸ.

ಈಗ ಆರ್ಟೂಸಿ ಅಜ್ಜನ ಕಡೆ ಬರೋಣ. ಪೆಲೆಗ್ರೀನೋ ಆರ್ಟೂಸಿ 1820ರಾಗ ಫೋರ್ಲಿಂಪೋಪೊಲಿ ಅನ್ನೂ ಊರಾಗ ಹುಟ್ಟಿ, ಫ್ಲಾರೆನ್ಸ್‌ನ್ಯಾಗ ವ್ಯಾಪಾರ ಮಾಡಿ, ಎಪ್ಪತ್ತು ದಾಟಿದ ಮ್ಯಾಲೆ 1891ರಾಗ ಅಡಗಿ ಪುಸ್ತಕ ತಂದ್ರು. ಯಾರೂ ಅಚ್ಚು ಹಾಕಲಿಲ್ಲ, ತಮ್ಮ ರೊಕ್ಕಾ ಹಾಕಿದ್ರು. 475 ಅಡಗಿಯಿಂದ ಶುರುವಾದದ್ದು 1911ರಾಗ ಅವರು ತೀರಿಕೊಳ್ಳೂ ಹೊತ್ತಿಗೆ 790 ಆಗಿತ್ತು, ಯಾಕಂದ್ರ ದೇಶದ ತುಂಬಾ ಮನಿ ಹೆಣ್ಮಕ್ಳು ಪತ್ರ ಬರದು ತಮ್ಮ ಅಡಗಿ ಕಳಸತಿದ್ರು. ಫ್ರಿಟಾಟಾ ಮಾಡಾಕ ಬರದವರು ಯಾರದಾರ ಅಂತ ಚ್ಯಾಷ್ಟಿ ಮಾಡಿಕೋತನ ಅಜ್ಜ ಪಾಠಾ ಶುರು ಮಾಡ್ತಾರ. ತತ್ತಿ ಭಾಳ ಕಡೀಬ್ಯಾಡ್ರಿ, ಬಿಳೇದು ಹಳದಿ ಕೂಡಿದಕೂಡ್ಲೆ ನಿಲ್ಲಸ್ರಿ ಅಂತಾರ. ಬಹುತೇಕ ಒಂದ ಮಗ್ಗಲಾ ಬೇಯಿಸೂದು ಛಲೋ ಅಂತಾರ; ಮಾರ್ಟೀನೋನ ಮಾತ ನಾಕು ನೂರು ವರ್ಷದ ಮ್ಯಾಲೂ ಉಳೀತು ನೋಡ್ರಿ. ಉಳ್ಳಾಗಡ್ಡಿದು, ಪಾಲಕದ್ದು, ಎಳೀ ಬೀನ್ಸಿಂದು, ಹೂಕೋಸಿಂದು ಬ್ಯಾರೆ ಬ್ಯಾರೆ ಬರದಾರ.

ಅಜ್ಜನ ಮನ್ಯಾಗ ಈ ಅಡಗಿ ಮಾಡಿ ಮಾಡಿ ಪರೀಕ್ಷಾ ಮಾಡಿದವರು ಮರಿಯೆಟ್ಟಾ ಸಬಾಟೀನಿ ಅನ್ನೂ ಹೆಣ್ಮಗಳು, ಫ್ರಾಂಚೆಸ್ಕೊ ರುಫಿಲ್ಲಿ ಅನ್ನೂ ಆಳು. ಅಜ್ಜ ಲಗ್ನ ಆಗಿರಲಿಲ್ಲ. ಸಾಯೂ ಮುಂದ ಪುಸ್ತಕದ ಹಕ್ಕನ್ನ ಆ ಇಬ್ಬರ ಹೆಸರಿಗೆ ಬರದಿಟ್ರು. ಒಂದು ಸಿಹಿ ಬ್ರೆಡ್ಡಿಗೆ ಮರಿಯೆಟ್ಟಾ ಹೆಸರನ್ನ ಇಟ್ಟಾರ. ಆದ್ರೂ ಮುಖಪುಟದ ಮ್ಯಾಲೆ ಹೆಸರು ಅಜ್ಜಂದು ಒಂದ. ನಾನು ಅಜ್ಜನ ಮ್ಯಾಲೆ ಸಿಟ್ಟಾಗೂದಿಲ್ಲ, ಆ ಕಾಲಕ್ಕ ಅಷ್ಟರ ಮಾಡಿದ್ರಲ್ಲಾ. ಖರೇ ಹೇಳಬೇಕಂದ್ರ, ಪತ್ರ ಬರದ ಆ ನೂರಾರು ಹೆಣ್ಮಕ್ಳಿಗೆ ಅಷ್ಟೂ ದಕ್ಕಲಿಲ್ಲ.

ಇಟಾಲಿಯನ್ನರ ಮಾತಿನ್ಯಾಗೂ ಫ್ರಿಟಾಟಾ ಹೊಕ್ಕದ. ಎಲ್ಲಾ ಕೆಟ್ಟು ಕುಂತಮ್ಯಾಲೆ ‘ಫ್ರಿಟಾಟಾ ಆಗಿಹೋತು’ ಅಂತಾರ, ಒಡದ ತತ್ತಿ ಮತ್ತ ಕೂಡೂದಿಲ್ಲಲ್ಲಾ. ತಪ್ಪು ತಮ್ಮದಿದ್ರೂ ಮಾತು ತಿರುಗಿಸಿ ಮಂದಿ ಮ್ಯಾಲೆ ಹಾಕಾವರಿಗೆ ‘ಫ್ರಿಟಾಟಾ ಹೊಳ್ಳಿಸ್ತಾನ’ ಅಂತಾರ. 1976ರ ಫಂತೋಝಿ ಸಿನೆಮಾದಾಗ ಬಡ ಗುಮಾಸ್ತ ಟೀವಿ ಮುಂದ ಫುಟ್‌ಬಾಲ್ ನೋಡಾಕ ತಯಾರಿ ಮಾಡಿಕೊಳ್ಳೂದು ಉಳ್ಳಾಗಡ್ಡಿದೊಂದು ದೊಡ್ಡ ಫ್ರಿಟಾಟಾದ ಕೂಡ. ಧಣಿಗೆ ಎಣಿಸಿ ಕೊಟ್ಟ ತತ್ತಿ ಕಾಲ ದಾಟಿ, ಗುಮಾಸ್ತ ಒಬ್ಬನ ಇಡೀ ಒಂದನ್ನ ತಿನ್ನೂ ಕಾಲ ಬಂತು. ಇವತ್ತಿನ ಫಾರ್ಮ್ ಕೋಳಿ ವರ್ಷಕ್ಕ 300ರ ಸಮೀಪ ತತ್ತಿ ಇಡ್ತದ. ಚಳಿಗಾಲ, ಉಪವಾಸ ಯಾವದೂ ಲೆಕ್ಕಕ್ಕಿಲ್ಲ, ಬಲ್ಬ್ ಹಚ್ಚಿರತಾರ.

ಇಷ್ಟು ಹೇಳಿ ಮಾಡೂದು ಹೇಳಲಿಲ್ಲಂದ್ರ ನೀವು ಬಿಡಂಗಿಲ್ಲ. ನಾಕು ಮಂದಿಗೆ ಆರು ತತ್ತಿ ಸಾಕು, ಪಲ್ಯ ಮಾತ್ರ ಬೆಂದಮ್ಯಾಲೆ ಎರಡು ಬಟ್ಟಲ ತುಂಬಾ ಇರಲಿ. ಗುಟ್ಟು ಒಂದ: ಪಲ್ಯದಾಗ ನೀರಿರಬಾರದು. ಪಾಲಕ ಆಗಲಿ ಮೆಂತೇದ ಪಲ್ಯ ಆಗಲಿ, ಬಾಡಿಸಿ, ಆರಿಸಿ, ಗಟ್ಟಿಯಾಗಿ ಹಿಂಡಬೇಕು, ಇಲ್ಲಂದ್ರ ತತ್ತಿ ನೀರು ಬಿಟ್ಟು ಒಡೀತದ. ಉಳ್ಳಾಗಡ್ಡಿ ಆದ್ರ ಅರ್ಧಾ ತಾಸು ಸಣ್ಣ ಉರಿ ಮ್ಯಾಲೆ ಕೆಂಪಗ ಹುರೀರಿ, ಗಡಿಬಿಡಿ ಬ್ಯಾಡ. ಬಟಾಟಿ ಮೊದಲ ಬೇಯಿಸಬೇಕು. ಹೀರಿಕಾಯಿ ಸಿಪ್ಪಿ ಹುರದು ಹಾಕಿದ್ದು ಇಟಲಿಯಾಗ ಯಾರಿಗೂ ಗೊತ್ತಿಲ್ಲ, ಸಿನ್ಯೋರಾಗ ತಿನಿಸಿದೆ, ಎರಡನೇ ಹೋಳು ಕೇಳಿದ್ರು. ನಿನ್ನಿನ ಶ್ಯಾವಿಗಿ ಉಪ್ಪಿಟ್ಟು ಉಳದಿದ್ರ ಅದನ್ನೂ ಕಲಸ್ರಿ. ನೇಪಲ್ಸ್‌ನವರು ಉಳದ ಪಾಸ್ತಾಕ್ಕ ಹಂಗ ಮಾಡ್ತಾರ. ಪಲ್ಯ ಬಿಸಿ ಇದ್ದಾಗ ತತ್ತಿಗೆ ಸುರೀಬ್ಯಾಡ್ರಿ.

ಹಂಚು ಕಾದು ಎಣ್ಣಿ ಹರದಮ್ಯಾಲೆ ಸುರದು, ಉರಿ ಸಣ್ಣ ಮಾಡಿ ಮುಚ್ಚಳಾ ಮುಚ್ಚರಿ. ತೆಳ್ಳಗಿದ್ರ ಮಾರ್ಟೀನೋ ಮಾತು ಕೇಳ್ರಿ, ಹೊಳ್ಳಿಸಬ್ಯಾಡ್ರಿ. ಎರಡು ಬಟ್ಟಲ ಪಲ್ಯ ತುಂಬಿದ ದಪ್ಪನ್ನದ್ದಕ್ಕ ಮಾತ್ರ ನಾನು ಅವನ ಮಾತು ಮೀರತೀನಿ, ನಡುವ ಹಸೀ ಉಳಿಯೂದು ನನಗ ಸೇರೂದಿಲ್ಲ: ಹಂಚಿನ ಮ್ಯಾಲೆ ತಾಟು ಕವಚಿ ಹಿಡಕೊಂಡು ಒಂದ ಏಟಿಗೆ ತಿರುವಿ, ಮತ್ತ ಹಂಚಿಗೆ ಜಾರಿಸಬೇಕು. ನಮ್ಮ ಅತ್ತಿಯವರು ತತ್ತಿ ಮುಟ್ಟೂದಿಲ್ಲ. ಅವರಿಗೆ ಅದ ಪಲ್ಯಾನ ಕಡ್ಲಿಹಿಟ್ಟಿನ್ಯಾಗ ಕಲಸಿ, ಓಮು ಹಾಕಿ ಅದ ಹಂಚಿನ್ಯಾಗ ಬೇಯಿಸ್ತೀನಿ, ಮೊದಲ ಅವರದು, ಆಮ್ಯಾಲೆ ನಮ್ಮದು. ಇಟಲಿಯಾಗ ಲಿಗೂರಿಯಾದವರು ಬರೇ ಕಡ್ಲಿಹಿಟ್ಟು, ನೀರು, ಎಣ್ಣಿ ಕಲಸಿ ‘ಫಾರಿನಾಟಾ’ ಮಾಡ್ತಾರ ಅಂತ ಅತ್ತಿಯವರಿಗೆ ಹೇಳಿದೆ. “ಅಂದ್ರ ಝುಣಕದ ವಡಿ ಅನ್ನು” ಅಂದ್ರು, ಮತ್ತೊಂದು ಹೋಳು ತಮ್ಮ ತಾಟಿಗೆ ಎಳಕೊಂಡ್ರು.