ನಗೆಯ ಗುರಿ ಯಾರು? : ಜೊತೆ ಓದಿನ ಚಿತ್ರಪುಸ್ತಕಗಳಲ್ಲಿ ಹಿರಿಯರು ಮತ್ತು ಮಗು

ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ ಇಬ್ಬರು ಓದುಗರು. ಅಕ್ಷರವನ್ನು ಹಿರಿಯರು ಓದಿ ಹೇಳುತ್ತಾರೆ. ಚಿತ್ರವನ್ನು ಮಗು ತಾನೇ ಓದಿಕೊಳ್ಳುತ್ತದೆ. ಇವರ ನಡುವೆ ಹುಟ್ಟುವ ನಗೆ ಯಾರನ್ನು ಕುರಿತದ್ದು ಎಂದು ಕೇಳಿದಾಗ, ವಿನೋದಪರ ಚಿತ್ರಪುಸ್ತಕಗಳ ಚರಿತ್ರೆಯು ಮನೆಯೊಳಗಿನ ಅಧಿಕಾರದ ಚರಿತ್ರೆಯೂ ಆಗಿರುವುದು ಸ್ಪಷ್ಟವಾಗುತ್ತದೆ.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯರಾಗಿದ್ದ ಹೈನ್‌ರಿಷ್ ಹೊಫ್‌ಮನ್ 1844ರ ಕ್ರಿಸ್‌ಮಸ್ ಹಬ್ಬಕ್ಕೆ ತಮ್ಮ ಮೂರು ವರ್ಷದ ಮಗನಿಗಾಗಿ ಪುಸ್ತಕ ಹುಡುಕಿದರು. ಅಂಗಡಿಯಲ್ಲಿ ದೊರೆತವು ಮೆಚ್ಚುಗೆಯಾಗದಿರಲು, ಬರಿಯ ಹಾಳೆಗಳ ಪುಸ್ತಕವೊಂದನ್ನು ಕೊಂಡು ತಂದು ತಾವೇ ಪದ್ಯ ಬರೆದು ಚಿತ್ರ ಬಿಡಿಸಿದರು. 1845ರಲ್ಲಿ ಅಚ್ಚಾದ ಈ ಕೃತಿಯು ಮುಂದಿನ ಮುದ್ರಣಗಳಲ್ಲಿ 'ಶ್ಟ್ರುವೆಲ್‌ಪೀಟರ್', ಅಂದರೆ ಕೆದರುಗೂದಲಿನ ಪೀಟರ್, ಎಂಬ ಹೆಸರು ಪಡೆಯಿತು. ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಇಲ್ಲಿ ಬೂದಿಯಾಗುತ್ತಾಳೆ. ಬೆರಳು ಚೀಪುವವನ ಹೆಬ್ಬೆರಳನ್ನು ದರ್ಜಿಯೊಬ್ಬ ಕತ್ತರಿಸುತ್ತಾನೆ. ಓದಿ ಹೇಳುವ ತಂದೆ ದೋಷಾತೀತ. ನಗೆಗೆ ಗುರಿಯಾಗುವುದು ಮಗುವಿನ ತಪ್ಪು. ಆದರೂ ಇದೇ ಪುಸ್ತಕದಲ್ಲಿ ಬೇಟೆಗಾರನ ಬಂದೂಕನ್ನು ಮೊಲ ಕಸಿದುಕೊಂಡು ಅವನನ್ನೇ ಅಟ್ಟುವ ಕಥೆಯೂ ಇದೆ. ಹಿರಿಯರನ್ನು ನೋಡಿ ನಗುವ ಅವಕಾಶದ ಬೀಜ ಅಲ್ಲಿಯೇ ಬಿದ್ದಿತ್ತು.

ಆ ಬೀಜ ಪೂರ್ಣವಾಗಿ ಫಲಿಸಿದ್ದನ್ನು ಅಮೆರಿಕದ ಡೇವಿಡ್ ಎಜ್ರಾ ಸ್ಟೈನ್ ಅವರ 'ಇಂಟರಪ್ಟಿಂಗ್ ಚಿಕನ್' (2010) ತೋರಿಸುತ್ತದೆ. ಮಲಗುವ ಹೊತ್ತಿನಲ್ಲಿ ಅಪ್ಪ ಹುಂಜ ಕಥೆ ಓದುತ್ತಿರುವಾಗ ಕೋಳಿಮರಿ ನಡುವೆ ಬಾಯಿ ಹಾಕಿ, ಪಾತ್ರಗಳನ್ನು ಅಪಾಯದಿಂದ ತಪ್ಪಿಸಿ, ಕಥೆಯನ್ನೇ ಮುಗಿಸಿಬಿಡುತ್ತದೆ. ಕೊನೆಗೆ ಮರಿಯೇ ಕಥೆ ಹೇಳತೊಡಗಿದಾಗ ನಿದ್ದೆಹೋಗುವವನು ಅಪ್ಪ. ಬಿ. ಜೆ. ನೊವಾಕ್ ಅವರ 'ದ ಬುಕ್ ವಿತ್ ನೋ ಪಿಕ್ಚರ್ಸ್' (2014) ಚಿತ್ರವನ್ನೇ ಕೈಬಿಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಬರೆದಿರುವುದು ಎಷ್ಟೇ ಅಸಂಬದ್ಧವಾಗಿದ್ದರೂ ಹಿರಿಯರು ಅದನ್ನು ಗಟ್ಟಿಯಾಗಿ ಓದಲೇಬೇಕು. ಹೊಫ್‌ಮನ್ನರಲ್ಲಿ ಓದುವಿಕೆ ಹಿರಿಯರ ಅಧಿಕಾರವಾಗಿದ್ದರೆ, ಇಲ್ಲಿ ಅದೇ ಅವರನ್ನು ಕಟ್ಟಿಹಾಕುವ ಹಗ್ಗ.

ಹಿರಿಯರಿಗೆ ಓದು ಬರುತ್ತದೆ ಎಂಬ ನಂಬಿಕೆಯೇ ಈ ಎಲ್ಲ ವಿನೋದಕ್ಕೂ ಆಧಾರ. ಕರ್ನಾಟಕದಲ್ಲಿ ಶಾಲೆಯ ಮೆಟ್ಟಿಲನ್ನು ಮೊದಲು ಹತ್ತಿದ ತಲೆಮಾರಿನ ಮಗುವಿನ ಮನೆಯಲ್ಲಿ ಈ ಆಧಾರವಿರುವುದಿಲ್ಲ. ಅಲ್ಲಿ ಅಕ್ಷರ ಬಲ್ಲದ್ದು ಮಗು. ಕೇಳುವವರು ತಾಯಿ, ಅಜ್ಜಿ. ಅಮೆರಿಕದ ಪುಸ್ತಕ ನಗೆಗಾಗಿ ಕಲ್ಪಿಸಿಕೊಂಡ ತಿರುವುಮುರುವು ಇಲ್ಲಿ ದಿನನಿತ್ಯದ ಸ್ಥಿತಿ. ಇಂಥ ಮನೆಯಲ್ಲಿ ಓದಲಾರದ ಹಿರಿಯರನ್ನು ನೋಡಿ ನಗುವುದು ವಿನೋದವಾಗದೆ ಅವಮಾನವಾದೀತು.

2004ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಭಾರತೀಯ ಭಾಷೆಗಳಲ್ಲಿ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಹೊರತಂದಿತು. 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದ ಮೂಲಕ ಅವುಗಳನ್ನು ಕನ್ನಡದಲ್ಲಿಯೂ ಮುಕ್ತವಾಗಿ ಒದಗಿಸಿತು. ಅದರ ಶೃಂಗೇರಿ ಶ್ರೀನಿವಾಸ ಎಂಬ ಉದ್ದಗೂದಲಿನ ರೈತನ ಕೂದಲು ಕತ್ತರಿಸಲು ಯಾರಿಗೂ ಬಿಡುವಿಲ್ಲ. ಕೂದಲು ಕೆದರಿಕೊಂಡ ಪೀಟರ್ ಛೀಮಾರಿಗೆ ಗುರಿಯಾದರೆ, ಶ್ರೀನಿವಾಸನ ಪಾಡಿನಲ್ಲಿ ಮಗುವೂ ಹಿರಿಯರೂ ಒಟ್ಟಿಗೆ ನಗಬಹುದು. ಈ ನಗೆಗೆ ಹಿರಿಯರ ಅಕ್ಷರಜ್ಞಾನ ಪೂರ್ವಷರತ್ತಲ್ಲ, ಚಿತ್ರವೇ ಸಾಕು.

ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವ ಗಮಕದ ನಾಡಿಗೆ ಇದು ಹೊಸತಲ್ಲ. ಕುಮಾರವ್ಯಾಸನ ಕಾವ್ಯವನ್ನು ಸವಿದವರಲ್ಲಿ ಅಕ್ಷರ ಅರಿಯದವರೂ ಇದ್ದರು. ಅದರಿಂದ ಅವರ ರಸಿಕತೆಗೆ ಕುಂದು ಬರಲಿಲ್ಲ. ಮಗು ಅಕ್ಷರವನ್ನು ಓದಿ, ಹಿರಿಯರು ಚಿತ್ರಕ್ಕೆ ಮಾತು ಕೂಡಿಸುವ ಜೊತೆ ಓದನ್ನು ಈ ಪರಂಪರೆಯ ಮುಂದುವರಿಕೆಯಾಗಿ ಪರಿಗಣಿಸಬಹುದು. ಕನ್ನಡದ ಮಕ್ಕಳ ಪುಸ್ತಕಗಳನ್ನು ಅಭ್ಯಸಿಸುವವರು ಬರೆದವರನ್ನಷ್ಟೇ ಅಲ್ಲದೆ, ಮನೆಯಲ್ಲಿ ಓದುವವರು ಯಾರು, ಕೇಳುವವರು ಯಾರು ಎಂಬುದನ್ನೂ ದಾಖಲಿಸಬೇಕಾಗಿದೆ.